ಬಿಲ್ಲಿಂಗ್ ಸಾಫ್ಟ್‌ವೇರ್‌ನ ಕಾನ್ಫಿಗ್ ಫೈಲ್ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂದಿನ ಅಪ್‌ಡೇಟ್‌ನಲ್ಲಿ ನಮ್ಮ ಕಾನ್ಫಿಗ್ ಫೈಲ್ ಯಾಮಲ್‌ನಿಂದ ಟಾಮಲ್‌ಗೆ ಬದಲಾಗುತ್ತದೆ. ಕಾನ್ಫಿಗ್ ಫೈಲ್ ಎಂದರೆ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲ್. ಯಾಮಲ್ (YAML), ಟಾಮಲ್ (TOML) ಎರಡೂ ಅದನ್ನು ಬರೆಯುವ ಶೈಲಿಗಳು. ಕೌಂಟರಿನಲ್ಲಿ ಬಿಲ್ ಹಾಕುವವರಿಗೆ ಏನೂ ವ್ಯತ್ಯಾಸವಿಲ್ಲ. ಸರ್ವರ್ ನೋಡಿಕೊಳ್ಳುವವರಿಗೆ ಈ ಪತ್ರವನ್ನು ದಯವಿಟ್ಟು ತಲುಪಿಸಿ.

ಬದಲಾವಣೆ ಯಾಕೆಂದು ಹೇಳುತ್ತೇವೆ. ಕಳೆದ ಮಳೆಗಾಲದಲ್ಲಿ ಒಂದು ಹಾಲಿನ ಸೊಸೈಟಿಯಿಂದ ಫೋನ್ ಬಂತು. ಬಿಲ್ಲಿನಲ್ಲಿ ಹಾಲಿನ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿ ಬಿಲ್ಲಿನಲ್ಲಿ ಸರಕನ್ನು ಗುರುತಿಸುವ ಸಂಖ್ಯೆ) 0401 ಇರಬೇಕಾದ ಕಡೆ 257 ಬರುತ್ತಿತ್ತು. ಫೈಲ್ ತೆರೆದರೆ 0401 ಅಂತಲೇ ಇದೆ! ಅಡಿಕೆ ಅಂಗಡಿಯವರ 0802 ಮಾತ್ರ ಸರಿಯಾಗಿಯೇ ಬರುತ್ತಿತ್ತು. ಯಾಮಲ್ 1.1ರ ನಿಯಮದಲ್ಲಿ, ಸೊನ್ನೆಯಿಂದ ಶುರುವಾಗಿ 7ರವರೆಗಿನ ಅಂಕೆಗಳೇ ಇರುವ ಸಂಖ್ಯೆಯನ್ನು ಎಂಟರ ಲೆಕ್ಕದಲ್ಲಿ ಓದುತ್ತಾರೆ. ಆ ಲೆಕ್ಕದಲ್ಲಿ ಬಲದಿಂದ ಸ್ಥಾನಗಳ ಬೆಲೆ 1, 8, 64. ಹಾಗಾಗಿ 0401ರಲ್ಲಿ ನಾಲ್ಕು ಅರವತ್ತನಾಲ್ಕು 256, ಒಂದು ಸೇರಿದರೆ 257. ಅಡಿಕೆಯ ಕೋಡಿನಲ್ಲಿ 8 ಇದೆಯಲ್ವಾ, ಎಂಟರ ಲೆಕ್ಕದಲ್ಲಿ ಆ ಅಂಕೆಯೇ ಇಲ್ಲ. ಹಾಗಾಗಿ ಅದು ಪಾರಾಯಿತು. ಕಾಞಂಗಾಡಿನ ಎಸ್‌ಟಿಡಿ ಕೋಡ್ 0467 ಇದೇ ರೀತಿ 311 ಆಗುತ್ತದೆ, ಕಾಸರಗೋಡಿನ 04994ಕ್ಕೆ ಏನೂ ಆಗುವುದಿಲ್ಲ. 2009ರ ಯಾಮಲ್ 1.2ರಲ್ಲಿ ಈ ನಿಯಮ ತೆಗೆದಿದ್ದಾರೆ. ಆದರೆ ನಾವು ಬಳಸುವ ಲೈಬ್ರರಿ (ಫೈಲ್ ಓದಿಕೊಡುವ ಸಿದ್ಧ ಪ್ರೋಗ್ರಾಂ) ಇನ್ನೂ 1.1ರ ಪ್ರಕಾರವೇ ಓದುತ್ತದೆ.

ಫೈಲ್ ಬರೆದವರದ್ದು ಏನೂ ತಪ್ಪಿರಲಿಲ್ಲ. ಕೋಡಿಗೆ ಕೋಟ್ (ಉದ್ಧರಣ ಚಿಹ್ನೆ) ಹಾಕಿ, ಆಗ ಅದನ್ನು ಸಂಖ್ಯೆಯೆಂದು ಓದುವುದಿಲ್ಲ ಎಂದು ನಾವು ಎಲ್ಲೂ ತಿಳಿಸಿರಲಿಲ್ಲ. ಕ್ಷಮಿಸಿ.

ಟಾಮಲ್‌ನಲ್ಲಿ ಕೋಟ್ ಇಲ್ಲದೆ 0401 ಬರೆದರೆ ಅದು ಒಪ್ಪುವುದೇ ಇಲ್ಲ. ಸುಮ್ನೆ ಬೇರೆ ಸಂಖ್ಯೆ ಮಾಡಿಕೊಳ್ಳುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ಯಾಮಲ್‌ನಲ್ಲಿದ್ದಂತೆ ಸಾಲಿನ ಮೊದಲು ಎಷ್ಟು ಸ್ಪೇಸ್ ಇದೆ, ಟ್ಯಾಬ್ ಒತ್ತಿದ್ದೀರಾ ಎಂಬ ತಲೆಬಿಸಿಯೂ ಇಲ್ಲ. ಬೆಳಗ್ಗೆ ಆರಕ್ಕೆ ಜನ ಕ್ಯಾನ್ ಹಿಡಿದು ನಿಂತಿರುವಾಗ ಒಂದು ಟ್ಯಾಬ್‌ನಿಂದಾಗಿ ಸರ್ವೀಸ್ ಶುರುವಾಗದೆ ನೀವು ಪಟ್ಟ ಪಾಡು ನಮಗೆ ಗೊತ್ತು.

ಇನ್ನು ಮುಂದೆ ಫೈಲ್ ಎರಡು. ಒಂದು ನಮ್ಮದು, ಅದು ಅಪ್‌ಡೇಟ್ ಜೊತೆ ಬದಲಾಗುತ್ತದೆ. ಇನ್ನೊಂದು ನಿಮ್ಮದು, ಅದನ್ನು ಯಾವ ಅಪ್‌ಡೇಟೂ ಮುಟ್ಟುವುದಿಲ್ಲ. ಒಂದೇ ಸೆಟ್ಟಿಂಗ್ ಎರಡರಲ್ಲೂ ಇದ್ದರೆ ನಿಮ್ಮದೇ ಗೆಲ್ಲುತ್ತದೆ. ಪ್ರತಿ ಸೆಟ್ಟಿಂಗ್‌ನ ಮೇಲೆ ಅದೇನೆಂದು ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದ್ದೇವೆ. ಸೆಟ್ಟಿಂಗ್‌ನ ಹೆಸರುಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. ರೀಸ್ಟಾರ್ಟ್ ಮಾಡುವ ಮೊದಲು ಫೈಲ್ ಚೆಕ್ ಮಾಡುವ ಕಮಾಂಡ್ ಕೂಡ ಕೊಟ್ಟಿದ್ದೇವೆ. ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಹೇಳುತ್ತದೆ. ಅದನ್ನು ದಯವಿಟ್ಟು ರೂಢಿ ಮಾಡಿಕೊಳ್ಳಿ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.11ನೇ ಆವೃತ್ತಿಯಿಂದ ಟಾಮಲ್ ಓದುವ ಲೈಬ್ರರಿ ಪೈಥಾನ್ ಜೊತೆಗೇ ಬರುತ್ತದೆ. ಹಾಗಾಗಿ ಅದಕ್ಕಿಂತ ಹಳೆಯ ಪೈಥಾನ್ ಇರುವವರಿಗೆ ಮಾತ್ರ ನಾವೇ ಬಂದು ಹಾಕಿಕೊಡುತ್ತೇವೆ. ಹಣ ಕೊಡಬೇಕಿಲ್ಲ.

ಹಳೆಯ ಫೈಲ್ ತಾನಾಗಿಯೇ ಬದಲಾಗುತ್ತದೆ, ಅದರ ಪ್ರತಿ ಪಕ್ಕದಲ್ಲೇ ಉಳಿಯುತ್ತದೆ. ಆದರೆ ಕೆಲವರು ಈಗಾಗಲೇ ಏನೋ ಉಪಾಯ ಮಾಡಿ ಕೋಡ್ ಸರಿಮಾಡಿಕೊಂಡಿದ್ದೀರಿ. ಅದನ್ನು ನಮ್ಮ ಪ್ರೋಗ್ರಾಂ ಊಹಿಸಲಾರದು. ಸೊನ್ನೆಯಿಂದ ಶುರುವಾಗುವ ಪ್ರತಿ ಕೋಡನ್ನೂ ಒಮ್ಮೆ ಕಣ್ಣಾಡಿಸಿ, ಒಂದು ಟ್ರಯಲ್ ಬಿಲ್ ತೆಗೆದು ನೋಡಿ. ಹಾಲಿನ ಹಣ ಬಟವಾಡೆ ಇರುವ ದಿನ ಮಾತ್ರ ಅಪ್‌ಡೇಟ್ ಮಾಡಬೇಡಿ.

ನಿಮ್ಮ ವಿಶ್ವಾಸಿಗಳು,
ಬದಿಯಡ್ಕ ಆಫೀಸಿನ ಸಾಫ್ಟ್‌ವೇರ್ ಬಳಗ