ರಕ್ತ ಕೊಟ್ಟವರಿಗೆ, ಫೋನ್ ಎತ್ತಿದವರಿಗೆ

ನನ್ನ ಎಂ.ಡಿ. ಥೀಸಿಸ್ ಪಾಸಾಗಿದೆ. ಕೋವಿಡ್‌ನಿಂದ ಆಸ್ಪತ್ರೆ ಸೇರಿದವರ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು, ಅವುಗಳಲ್ಲೇ ಎರಡು ಬಗೆಯಾದ ಸಿಡಿ4, ಸಿಡಿ8 ಕಣಗಳು ಎಷ್ಟಿದ್ದವು, ಆಮೇಲೆ ಅವರು ಹುಷಾರಾದರಾ ಇಲ್ಲವಾ ಅನ್ನುವುದೇ ವಿಷಯ. ಮೊದಲ ಪುಟದಲ್ಲಿ ಗೈಡ್, ಅಪ್ಪ ಅಮ್ಮ ಎಲ್ಲರ ಹೆಸರೂ ಇದೆ. ರೋಗಿಗಳ ಹೆಸರು ಹಾಕುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2021ರ ಏಪ್ರಿಲ್, ಮೇ ತಿಂಗಳು. ಏದುಸಿರು ಬಿಡುತ್ತಿದ್ದವರ ಮುಂದೆ ಒಪ್ಪಿಗೆ ಪತ್ರ ಹಿಡಿದು ನಿಲ್ಲಬೇಕಿತ್ತು. ಇದರಿಂದ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ ಅಂತಲೂ ಹೇಳಬೇಕಿತ್ತು. ಎಲ್ಲ ಕೇಳಿಸಿಕೊಂಡ ಅಜ್ಜಿಯೊಬ್ಬರು ತೋಳು ಚಾಚಿ, "ತಗೊಳವ್ವ, ಮುಂದೆ ಬರೋರಿಗಾದ್ರೂ ಆಗ್ಲಿ" ಅಂದರು.

ಸಿಸ್ಟರ್‌ಗಳಿಗೆ ಎಷ್ಟು ಹೇಳಿದರೂ ಸಾಲದು. ಎರಡೆರಡು ಗ್ಲೌಸ್ ಹಾಕಿಕೊಂಡು, ಮಂಜು ಕವಿದ ಕನ್ನಡಕದಲ್ಲಿ ನರ ಹುಡುಕುತ್ತಿದ್ದರು. ನೇರಳೆ ಮುಚ್ಚಳದ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸದಿದ್ದರೆ ರಕ್ತ ಹೆಪ್ಪುಗಟ್ಟುತ್ತದೆ, ಆ ಸ್ಯಾಂಪಲ್ ಕಸಕ್ಕೆ. ಸಿಡಿ4 ಎಣಿಸುವ ರಕ್ತವನ್ನು ಫ್ರಿಜ್‌ನಲ್ಲೂ ಇಡಬಾರದು. ಆದಷ್ಟು ಬೇಗ ಲ್ಯಾಬ್ ಸೇರಬೇಕು. ಓಡಿ ತಂದುಕೊಟ್ಟ ಅಟೆಂಡರ್ ಅಣ್ಣಂದಿರಿಗೆ, ಡ್ಯೂಟಿ ಮುಗಿದರೂ ಮಷೀನ್ ಆಫ್ ಮಾಡದೆ ಕಾದ ಟೆಕ್ನೀಷಿಯನ್‌ಗಳಿಗೆ ಕೈಮುಗಿಯುತ್ತೇನೆ.

ಕಾಯಿಲೆ ಜೋರಾದವರಲ್ಲಿ ಲಿಂಫೋಸೈಟ್ ಇಳಿಯುತ್ತದೆ, ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಏರುತ್ತದೆ ಎಂದು ಚೀನಾದ ವೈದ್ಯರು 2020ರ ಆರಂಭದಲ್ಲೇ ಬರೆದಿದ್ದರು. ನಾವು ಕಂಡದ್ದೂ ಅದೇ. ಆದರೆ ಒಂದು ದಿನದ ಲೆಕ್ಕ ನೋಡಿ ಯಾರ ಹಣೆಬರಹವನ್ನೂ ಹೇಳಲಾಗದು. ವಯಸ್ಸು, ಶುಗರ್ ಎಲ್ಲ ಸೇರುತ್ತವೆ. ಆಕ್ಸಿಜನ್ ಬೇಕಾದವರಿಗೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧ ಕೂಡ ಈ ಕಣಗಳ ಲೆಕ್ಕವನ್ನು ಏರುಪೇರು ಮಾಡುತ್ತದೆ. ಹಾಗಾಗಿ ಮತ್ತೆ ಮತ್ತೆ ನೋಡಬೇಕು. ಇಳಿದದ್ದು ಮೇಲೇಳುತ್ತಿದೆಯಾ ಅನ್ನುವುದು ಮುಖ್ಯ. ಸಿಡಿ4 ಮಷೀನ್ ಎಲ್ಲ ಕಡೆ ಇರುವುದಿಲ್ಲ. ಲಿಂಫೋಸೈಟ್ ಲೆಕ್ಕ ಮಾತ್ರ ಸಿಬಿಸಿ ಎಂಬ ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸಿಗುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ನನಗೆ ಇದೇ ಜಾಸ್ತಿ ಸಮಾಧಾನದ ವಿಷಯ.

ಡಿಸ್ಚಾರ್ಜ್ ಆದವರ ಮನೆಗೆ ಫೋನ್ ಮಾಡಿ ವಿಚಾರಿಸುವುದೂ ನನ್ನ ಕೆಲಸವಾಗಿತ್ತು. ಕೆಲವರ ಫೋನನ್ನು ಮಗನೋ ಸೊಸೆಯೋ ಎತ್ತುತ್ತಿದ್ದರು. "ಅಪ್ಪ ಹೋಗ್ಬಿಟ್ರು ಮೇಡಂ" ಎಂದವರೂ ಫೋನ್ ಇಡಲಿಲ್ಲ. ಯಾವತ್ತು, ಹೇಗೆ, ಎಲ್ಲಕ್ಕೂ ಉತ್ತರ ಕೊಟ್ಟರು. ಅಷ್ಟು ದುಃಖದಲ್ಲಿ ನನ್ನ ಜೊತೆ ಮಾತಾಡಿದ ನಿಮ್ಮ ಋಣ ದೊಡ್ಡದು.

ನಮಗೆ ತಿಳಿದುಬಂದದ್ದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದಿದ್ದೇನೆ. ಅಧ್ಯಯನದಲ್ಲಿದ್ದವರು, ಅವರ ಮನೆಯವರು ಕೇಳಿದರೆ ಕಳಿಸುತ್ತೇನೆ. ಓದಲು ಆಗದವರಿಗೆ ಫೋನಿನಲ್ಲೇ ಓದಿ ಹೇಳುತ್ತೇನೆ.