ಅವಳ ಅಪ್ಪನಿಗೆ ಗೊತ್ತಿತ್ತಾ?

ಪುಟ್ಟಿ,

ಶಾಂಘೈನಲ್ಲೇ ಇನ್ನೂ ಮೂರು ವರ್ಷ ಇರ್ತೀನಿ ಅಂತ ನಿನ್ನೆ ನೀನು ಹೇಳಿದಾಗ ಜೋರು ಮಾಡಿಬಿಟ್ಟೆ. ಬೇಜಾರು ಮಾಡ್ಕೋಬೇಡ. ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

2018ರಲ್ಲಿ ನಾವು ಬಂದಾಗ ಮ್ಯೂಸಿಯಂ ತೋರಿಸಿದ್ದೆಯಲ್ಲ, ಆ ದಿನದ್ದೆಲ್ಲ ನಿನಗೂ ನೆನಪಿರುತ್ತೆ. ನನ್ನ ತಲೆಯಿಂದ ಹೋಗದಿರುವುದು ಮೂರು ಕಾಲಿನ ಆ ಕಂಚಿನ ಪಾತ್ರೆ, ದಾ ಕೆ ದಿಂಗ್. ಪಾತ್ರೆ ಅಂಗಡಿಯಲ್ಲೇ ಕೂದಲು ಬೆಳ್ಳಗಾದವನು ನಾನು. ಅಂಥ ಎರಕ ಎಲ್ಲೂ ಕಂಡಿರಲಿಲ್ಲ. 201.5 ಕೆಜಿ ತೂಕ, ಸುಮಾರು 2,900 ವರ್ಷ ಹಳೆಯದು. ಹೊಟ್ಟೆಯ ಸುತ್ತ ಅಲೆ ಅಲೆಯಾಗಿ ಪಟ್ಟಿ. ಒಳಗೆ 290 ಅಕ್ಷರ. ಆಮೇಲೆ ಕೆತ್ತಿದ್ದಲ್ಲ, ಎರಕದಲ್ಲೇ ಮೂಡಿದ್ದು.

ಅದರ ಮುಂದೆ ನಿಂತು ನೀನು ಪಾನ್ ದಾಯು ಕಥೆ ಹೇಳಿದೆ. ಸುಝೌ ಊರಿನ ಪಾನ್ ಮನೆತನದ ಸೊಸೆ. ಚಿಕ್ಕ ವಯಸ್ಸಿಗೇ ಗಂಡ ಹೋದ. 1937ರಲ್ಲಿ ಜಪಾನಿನ ಸೈನ್ಯ ಬಂತು. ಇದನ್ನೂ ಇಂಥದ್ದೇ ಇನ್ನೊಂದನ್ನೂ ಮನೆಯ ನೆಲ ಅಗೆದು ಹೂತಿಟ್ಟಳು. ಸೈನಿಕರು ಮನೆಯೆಲ್ಲ ಜಾಲಾಡಿದರೂ ಸಿಗಲಿಲ್ಲ. ಕೊನೆಗೆ 1951ರಲ್ಲಿ ಎರಡನ್ನೂ ದೇಶಕ್ಕೇ ಕೊಟ್ಟುಬಿಟ್ಟಳು.

ಕೊಟ್ಟದ್ದೇ ದೊಡ್ಡದು ಅಂದೆ ನೀನು. ನನಗೆ ಆ ಹೂತಿಟ್ಟ ವರ್ಷಗಳದ್ದೇ ಯೋಚನೆ. ಆಗ ಅವಳಿಗೆ 31. ಈಗಿನ ನಿನ್ನ ವಯಸ್ಸು. ಕಾಲಡಿಗೆ ಅಷ್ಟು ದೊಡ್ಡ ಗುಟ್ಟು ಇಟ್ಟುಕೊಂಡು ಅವಳು ಹೇಗೆ ಊಟ ಮಾಡಿದಳು, ಹೇಗೆ ನಿದ್ದೆ ಮಾಡಿದಳು? ಬಾಗಿಲು ಬಡಿದ ಸದ್ದಾದಾಗ ಏನಾಗಿರಬೇಕು? ತವರಿನಲ್ಲಿ ಅವಳ ಅಪ್ಪ ಇನ್ನೂ ಬದುಕಿದ್ದನಾ? ಇದ್ದರೆ, ಅವನಿಗೆ ಗೊತ್ತಿತ್ತಾ? ಅಥವಾ ಅವನಿಗೂ ‘ಎಲ್ಲ ಚೆನ್ನಾಗಿದೆ ಅಪ್ಪಾ’ ಅಂತಲೇ ಹೇಳಿದ್ದಳಾ?

2022ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೋನಾ ಅಂತ ಶಾಂಘೈಗೆ ಶಾಂಘೈಯೇ ಬಾಗಿಲು ಹಾಕಿಕೊಂಡಿತ್ತು. ನೀನು ದಿನಾ ವೀಡಿಯೋದಲ್ಲಿ ನಗುತ್ತಾ ಊಟ ಆಯ್ತು ಅನ್ನುತ್ತಿದ್ದೆ. ಇದ್ದ ಅಕ್ಕಿಯನ್ನು ಅಳೆದು ಅಳೆದು ಒಂದೇ ಹೊತ್ತು ಬೇಯಿಸಿಕೊಂಡಿದ್ದೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ, ಅದೂ ನಿನ್ನ ಗೆಳತಿಯ ಬಾಯಿಂದ. ನಿನ್ನಮ್ಮ ಆ ರಾತ್ರಿ ಊಟಕ್ಕೆ ಕೂರಲಿಲ್ಲ.

ನಿನಗೆ ಧೈರ್ಯ ಇಲ್ಲ ಅಂತಲ್ಲ. ನಾವು ಬಂದಿದ್ದಾಗ ಶಾಂಘೈನ ನಾನ್‌ಜಿಂಗ್ ರಸ್ತೆಯಲ್ಲಿ ಇಬ್ಬರು ಹುಡುಗರು ನನ್ನನ್ನು ನಯವಾಗಿ ಮಾತಾಡಿಸಿ, ಚಹಾ ರುಚಿ ನೋಡೋಣ ಬನ್ನಿ ಅಂತ ಕರೆದಿದ್ದರಲ್ವಾ? ಹೋದರೆ ಸಾವಿರಾರು ಯುವಾನ್ ಬಿಲ್ಲು ಕೈಗಿಡುತ್ತಾರೆ ಅಂತ ನಿನಗೆ ಗೊತ್ತಿತ್ತು. ನಡುವೆ ನಿಂತು ಚೀನಿಯಲ್ಲಿ ಎರಡೇ ಮಾತು ಹೇಳಿದೆ, ತಿರುಗಿ ನೋಡದೆ ಹೋದರು. ಆ ಜಗಮಗ ದೀಪ, ಆ ಜನಜಂಗುಳಿ, ನಡುವೆ ನನ್ನ ಮಗಳು! ಇಲ್ಲಿ ಅಂಗಡಿಗೆ ಬಂದವರಿಗೆಲ್ಲ ಈಗಲೂ ಹೇಳುತ್ತೇನೆ.

ಅದಕ್ಕೇ ಹೇಳ್ತಿರೋದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮನೆಯಲ್ಲಿ ಹದಿನೈದು ದಿನಕ್ಕಾಗುವಷ್ಟು ಅಕ್ಕಿ ಬೇಳೆ ಯಾವಾಗಲೂ ಇರಲಿ. ನಮಗೆ ದುಡ್ಡು ಕಳಿಸಬೇಡ, ಅಂಗಡಿ ನಡೀತಿದೆ. ಪಾಸ್‌ಪೋರ್ಟಿನ ಜೆರಾಕ್ಸ್ ಬೇರೆ ಕಡೆ ಇಡು. ಆಫೀಸಿನ ಕೆಲಸ ಅಂತ ಮಧ್ಯರಾತ್ರಿ ಒಬ್ಬಳೇ ಓಡಾಡಬೇಡ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸು, ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆ. ಜಾಸ್ತಿ ಆಯ್ತು ಅನ್ಸುತ್ತೆ, ಆದರೂ ಓದಿಕೋ.

ಮೂರು ವರ್ಷ ಇರು. ಅಮ್ಮನನ್ನು ನಾನು ಒಪ್ಪಿಸ್ತೀನಿ. ಜ್ವರ ಬಂದರೆ ಜ್ವರ ಅನ್ನು, ಕೆಲಸ ಹೋದರೆ ಹೋಯ್ತು ಅನ್ನು. ಕೇಳಿ ಹೆದರುತ್ತೇನೆ, ನಿಜ. ಹೆದರಿದರೆ ಹೆದರುತ್ತೇನೆ, ನೀನು ಹೇಳು. ಹೊಸ ಮನೆಯ ವಿಳಾಸವನ್ನು ಚೀನಿ ಅಕ್ಷರದಲ್ಲಿ ಬರೆದು ಫೋಟೋ ಕಳಿಸು. ಪಕ್ಕದ ಮನೆಯವರ ನಂಬರೂ ಬೇಕು.

ನಿನ್ನ
ಅಪ್ಪ