ಸೊರಬದ ಮತ ಯಾರಿಗೆ, ಯಾಕೆ?

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನಮ್ಮ ತಾಲ್ಲೂಕಿನ ರಾಜಕೀಯದ ಮಾತು ಬಂದಾಗ ನಿನ್ನ ಕಚೇರಿಯಲ್ಲಿ ಯಾರೋ "ಸೊರಬದವರು ಜಾತಿ ನೋಡಿ ಮತ ಹಾಕುತ್ತಾರೆ, ಮುಗಿಯಿತು" ಎಂದರಂತೆ. ನೀನು ಸುಮ್ಮನಿದ್ದೆಯಂತೆ. ಸುಮ್ಮನಿರಬಾರದಿತ್ತು ಮಾರಾಯಾ.

ದೀವರ ಸಮುದಾಯದ ಸಂಖ್ಯೆ ನಮ್ಮಲ್ಲಿ ದೊಡ್ಡದು, ಒಪ್ಪೋಣ. ಆ ಲೆಕ್ಕ ಹಾಕದೆ ಯಾವ ಪಕ್ಷವೂ ಟಿಕೆಟ್ ಕೊಡುವುದಿಲ್ಲ. ಆದರೆ 2004ರಿಂದ ವಿಧಾನಸಭೆಗೆ ಇಲ್ಲಿ ಎದುರುಬದುರಾಗಿ ನಿಂತವರು ಯಾರು? ಅಣ್ಣ ಕುಮಾರ್ ಬಂಗಾರಪ್ಪ, ತಮ್ಮ ಮಧು ಬಂಗಾರಪ್ಪ. ಒಂದೇ ಮನೆ, ಒಂದೇ ಜಾತಿ. 2008ರಲ್ಲಿ ಇಬ್ಬರನ್ನೂ ಸೋಲಿಸಿದ ಹರತಾಳು ಹಾಲಪ್ಪನವರೂ ಅದೇ ಸಮುದಾಯದವರು. ಹಾಗಾದರೆ ಈ ಮೂವರಲ್ಲಿ ಒಬ್ಬರನ್ನು ಆರಿಸುವಾಗ ಜಾತಿ ಯಾವ ಉತ್ತರ ಕೊಟ್ಟೀತು?

ಪಕ್ಷನಿಷ್ಠೆ ಎನ್ನೋಣವೆಂದರೆ ಅದೂ ನಿಲ್ಲುವುದಿಲ್ಲ. 2004ರಲ್ಲಿ ಅಣ್ಣ ಕಾಂಗ್ರೆಸ್, ತಮ್ಮ ಬಿಜೆಪಿ. 2023ರಲ್ಲಿ ಅಣ್ಣ ಬಿಜೆಪಿ, ತಮ್ಮ ಕಾಂಗ್ರೆಸ್. ನಡುವೆ 2013ರಲ್ಲಿ ಮಧು ಜೆಡಿಎಸ್‌ನಿಂದ ಗೆದ್ದರು, 2018ರಲ್ಲಿ ಕುಮಾರ್ ಕಮಲದಿಂದ ಗೆದ್ದರು, 2023ರಲ್ಲಿ ಮತ್ತೆ ಮಧು, ಅದೂ 40 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ. ತಂದೆಯ ಕಾಲದಲ್ಲೂ ಹೀಗೇ ಇತ್ತು. ಎಸ್. ಬಂಗಾರಪ್ಪ 1967ರಲ್ಲಿ ಸಮಾಜವಾದಿಯಾಗಿ ಗೆದ್ದವರು, ಕ್ರಾಂತಿರಂಗ, ಕಾಂಗ್ರೆಸ್, ಕೆಸಿಪಿ (ಕರ್ನಾಟಕ ಕಾಂಗ್ರೆಸ್ ಪಕ್ಷ) ಎಂದು ಪಕ್ಷ ಬದಲಾಯಿಸಿದರೂ 1994ರವರೆಗೆ ಸೊರಬ ಅವರ ಕೈಬಿಡಲಿಲ್ಲ. ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ 1999ರಲ್ಲಿ ಕೈ, 2004ರಲ್ಲಿ ಕಮಲ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್, ಮೂರರಲ್ಲೂ ಗೆದ್ದರು. ಆದರೆ 1998ರಲ್ಲೂ 2009ರಲ್ಲೂ ಅದೇ ಕ್ಷೇತ್ರ ಅವರನ್ನು ಸೋಲಿಸಿತು. ಕಣ್ಣುಮುಚ್ಚಿ ಹಾಕಿದ ಮತ ಹೀಗಿರುವುದಿಲ್ಲ.

ನನ್ನನ್ನು ಕೇಳಿದರೆ ಇಲ್ಲಿಯ ಮತದ ಬೇರು ಭೂಮಿಯಲ್ಲಿದೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ಅಳತೆಯ ವಿಷಯಕ್ಕೆ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಸಮಾಜವಾದಿಗಳೇ ಆದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ವಿಧಾನಸಭೆಗೆ ಹೋದರು. ದೇವರಾಜ ಅರಸರ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂದು, ನಮ್ಮ ಅಜ್ಜಂದಿರು "ಡಿಕ್ಲರೇಶನ್" (ಗೇಣಿ ಜಮೀನು ತಮಗೆ ಸೇರಬೇಕೆಂಬ ಅರ್ಜಿ) ಕೊಟ್ಟು ಗೇಣಿ ಜಮೀನಿಗೆ ಒಡೆಯರಾದರು. ಆ ಕಥೆ ಕೇಳುತ್ತ ಬೆಳೆದ ಮನೆಗಳಿವು. ಯಾರು ಜಮೀನಿನ ಪರ ನಿಂತರು ಎಂಬುದನ್ನು ಅವು ಸುಲಭಕ್ಕೆ ಮರೆಯುವುದಿಲ್ಲ.

ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ನಮ್ಮ ಕೇರಿಯ ಕೊನೆಯ ಮನೆಯ ಹಿರಿಯರ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರಲ್ಲಿ ಬಗರ್‌ಹುಕುಂ ಅರ್ಜಿಗಳು, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿಗಳು: ಮೊದಲು ನಮೂನೆ 50, ಆಮೇಲೆ 53, ಕೊನೆಗೆ 57. ಮಡಿಕೆಯಲ್ಲಿ ಹರಿದು, ಗೋಂದು ಹಚ್ಚಿ ಅಂಟಿಸಿದ ಸ್ವೀಕೃತಿ ಚೀಟಿ. ಜಮೀನು ಅರಣ್ಯಕ್ಕೆ ಸೇರಿದ್ದು ಎಂದರು; ಅರಣ್ಯ ಹಕ್ಕು ಕಾಯ್ದೆಯಡಿ ಕೇಳಿದರೆ ಪರಿಶಿಷ್ಟ ಪಂಗಡದವರಲ್ಲದ ಕಾರಣ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ಕೊಡಿ ಎಂದರು. ಓದು ಬಾರದ ಅಜ್ಜ ಯಾವ ದಾಖಲೆ ಇಟ್ಟಿರುತ್ತಾನೆ ಹೇಳು. ಮತ ಕೇಳಲು ಯಾವ ಬಣ್ಣದ ಶಾಲು ಹೊದ್ದವರು ಬಂದರೂ ಆ ಹಿರಿಯರು ಕವರ್ ತಂದು ಜಗಲಿಯ ಮೇಲೆ ಬಿಡಿಸಿಡುತ್ತಾರೆ. ಯಾರು ಕೂತು ಓದುತ್ತಾರೆ, ಯಾರು ನಿಂತಲ್ಲೇ ಕೈಮುಗಿದು ಹೊರಡುತ್ತಾರೆ ಎಂದು ನೋಡುತ್ತಾರೆ. ಅವರ ತೀರ್ಮಾನ ಅಲ್ಲೇ ಆಗುತ್ತದೆ. ಇದನ್ನು ಜಾತಿ ರಾಜಕೀಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಲೋಕಸಭೆಯ ದಾರಿ ಬೇರೆ. 2009ರಿಂದ ಶಿವಮೊಗ್ಗದಲ್ಲಿ ಬಿಜೆಪಿಯೇ ಗೆಲ್ಲುತ್ತಿದೆ. 2024ರಲ್ಲಿ ಬಂಗಾರಪ್ಪನವರ ಮಗಳು ಗೀತಾ ಶಿವರಾಜ್‌ಕುಮಾರ್ ನಿಂತರೂ ಬಿ.ವೈ. ರಾಘವೇಂದ್ರ ಗೆದ್ದರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಎಂದು ನಮ್ಮ ಮನೆಗಳಲ್ಲೇ ಎರಡು ಲೆಕ್ಕ ನಡೆಯುತ್ತದೆ. ಹುಡುಗರು ಮಾತ್ರ ಈಗ ಎರಡಕ್ಕೂ ಮೊಬೈಲ್ ನೋಡಿ ಮಾತಾಡುತ್ತಾರೆ; ಚಿಹ್ನೆ ಮೊದಲು, ಅಭ್ಯರ್ಥಿ ಆಮೇಲೆ. ನನಗೆ ಇದು ಇಷ್ಟವಿಲ್ಲ. ದೂರದ ಜಗಳವನ್ನು ಕೇರಿಗೆ ತಂದು, ಅಕ್ಕಪಕ್ಕದವರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ.

ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಗ್ರಾಮ ಪಂಚಾಯಿತಿ ಸದಸ್ಯನಿಗೂ ಶಾಸಕರಿಗೂ ನಡುವೆ ನಾವು ಹೋಗಿ ಕೇಳಬಹುದಾದ, ನಾವೇ ಆರಿಸಿದ ಒಬ್ಬರೂ ಇಲ್ಲವಾದರು. ನಿನ್ನ ಕಚೇರಿಯವರು ಮತ್ತೆ ಸೊರಬದ ಮಾತು ತೆಗೆದರೆ ಇದನ್ನೂ ಹೇಳು. ನಿನ್ನ ಹೆಸರು ಇಲ್ಲಿಯ ಪಟ್ಟಿಯಲ್ಲೇ ಇದೆಯಲ್ಲ? ಮತದಾನದ ದಿನ ಗೊತ್ತಾದ ಕೂಡಲೇ ಬರೆಯುತ್ತೇನೆ, ರಾತ್ರಿ ಬಸ್ಸಿಗೆ ಮೊದಲೇ ಸೀಟು ಮಾಡಿಸಿಕೋ.

ನಿನ್ನ ಗೆಳೆಯ,
ಸೊರಬದಿಂದ